ಟ್ಯಾಂಕರ್ ನೀರಿನ ಮುಂದೆ ಹೆಲೆನ್ ಮೇಡಂ

ಸ್ಟೀಪಲ್‌ಚೇಸ್ ಎಂಬ ಓಟದ ಹೆಸರನ್ನೇ ಬೊರಿವಲಿಯ ನಮ್ಮ ಕನ್ನಡಿಗರಲ್ಲಿ ಹೆಚ್ಚಿನವರು ಕೇಳಿರಲಿಲ್ಲ. ಮೂರು ಸಾವಿರ ಮೀಟರ್ ಓಡುತ್ತ, ನಡುನಡುವೆ ಮರದ ಅಡ್ಡಗಟ್ಟೆಗಳನ್ನು ದಾಟುತ್ತ, ಸುತ್ತಿಗೊಮ್ಮೆ ನೀರು ತುಂಬಿದ ಗುಂಡಿಗೆ ಹಾರಿ ಮತ್ತೆ ಓಡಬೇಕಾದ ಈ ಕಠಿಣ ಓಟವನ್ನು ಇಲ್ಲಿನ ಹೆಣ್ಣುಮಕ್ಕಳಿಗೆ ಕಲಿಸಿದ ಕೀರ್ತಿ ಶ್ರೀಮತಿ ಹೆಲೆನ್ ಕೊವ್ಯಾಕ್ ಅವರದು. ಅಮೆರಿಕದ ಒಹಾಯೊದಲ್ಲಿ ಹುಟ್ಟಿದ ಅವರು ಈ ವರ್ಷ ನಮ್ಮ ಸಂಘದ ಶಾಲೆಯ ಕ್ರೀಡಾ ಶಿಕ್ಷಕಿಯ ಹುದ್ದೆಯಿಂದ ನಿವೃತ್ತರಾಗುತ್ತಿದ್ದಾರೆ.

ಅವರ ಎಳೆಯ ಪ್ರಾಯದಲ್ಲಿ ಆ ಓಟ ಗಂಡಸರದಾಗಿತ್ತು. ಹೆಂಗಸರಿಗೆ ಅದು ತೆರೆದುಕೊಳ್ಳುವ ಹೊತ್ತಿಗೆ ಅವರಿಗೆ ಮೂವತ್ತು ದಾಟಿತ್ತು. ಸಿಕ್ಕ ಕೆಲವೇ ವರ್ಷಗಳನ್ನು ಹಸಿದವರಂತೆ ಓಡಿದರು. ದೊಡ್ಡ ಕೂಟವೊಂದರ ಅಂತಿಮ ಓಟದಲ್ಲಿ, ತುಂಬಿದ ಕ್ರೀಡಾಂಗಣದ ಎದುರು ನೀರಿನಲ್ಲಿ ಮುಗ್ಗರಿಸಿ ಬಿದ್ದು, ತೊಯ್ದ ಬಟ್ಟೆಯಲ್ಲೇ ಎದ್ದು ಓಡಿ, ಕೊನೆಯವರಾಗಿ ಗುರಿ ಮುಟ್ಟಿದ್ದರು. ಅದಕ್ಕಾಗಿ ಅವರು ಎಂದೂ ನಾಚಿದವರಲ್ಲ, ನಗುತ್ತಲೇ ಹೇಳಿಕೊಳ್ಳುತ್ತಿದ್ದರು. ಮಂಡಿ ಸೋತ ಮೇಲೆ ಓಟ ಬಿಟ್ಟು, ಗಂಡನ ಕೆಲಸದ ನಿಮಿತ್ತ ಅಂಧೇರಿಗೆ ಬಂದರು. ಗಂಡ ಹಿಂದಿರುಗಿದರು, ಇವರು ನಮ್ಮ ಶಾಲೆ ಸೇರಿ ಇಲ್ಲೇ ಉಳಿದರು.

ಚಡ್ಡಿ ಹಾಕಿ ಓಡಲು ನಮ್ಮ ಹುಡುಗಿಯರು ಹಿಂಜರಿದಾಗ ತಾವೇ ಬಟ್ಟೆ ತಂದು ಮೊಣಕಾಲು ಮುಚ್ಚುವಂತೆ ಹೊಲಿಸಿಕೊಟ್ಟರು. ಬರಿಹೊಟ್ಟೆಯಲ್ಲಿ ಬರುವವರಿಗಾಗಿ ಅವರ ಚೀಲದಲ್ಲಿ ಸದಾ ಬಾಳೆಹಣ್ಣು ಇರುತ್ತಿತ್ತು. ಕನ್ನಡವನ್ನು ಅವರು ಕಲಿತದ್ದು ತಾಯಂದಿರಿಂದ. ಮರೆಯಲ್ಲಿ ನಿಂತು ಕೇಳಿದರೆ ಕಲಬುರಗಿ ಕಡೆಯವರು ಎನ್ನಬೇಕು.

ಹುಡುಗಿಯರಲ್ಲಿ ಸಪ್ನಾ ಎಲ್ಲರಿಗಿಂತ ಮುಂದಿದ್ದಳು. ತಾಯಿ ಚನ್ನವ್ವ ಮೈದಾನದ ಹಿಂದಿನ ಚಾಳಿನ ಒಂಟಿ ಕೋಣೆಯಲ್ಲಿದ್ದು ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದರು. ರಾಜ್ಯಕೂಟದಲ್ಲಿ ಗೆದ್ದರೆ ಮಗಳಿಗೆ ರೈಲ್ವೆಯಲ್ಲಿ ನೌಕರಿ ಸಿಕ್ಕೀತೆಂಬ ಆಸೆ ಇಬ್ಬರಿಗೂ ಇತ್ತು.

ಸಪ್ನಾ ಆ ಕೂಟಕ್ಕೆ ಸಿದ್ಧಳಾಗುತ್ತಿದ್ದ ವರ್ಷದ ಮೇ ತಿಂಗಳಲ್ಲಿ ಹೆಲೆನ್ ಮೈದಾನದ ಅಂಚಿನಲ್ಲಿ ಗುಂಡಿ ತೋಡಿಸಿ, ಸಿಮೆಂಟು ಬಳಿಸಿ, ದಾನಿಯೊಬ್ಬರನ್ನು ಕಾಡಿಬೇಡಿ ಒಂದು ಟ್ಯಾಂಕರ್ ನೀರು ತರಿಸಿದರು. ಆ ವಾರ ಚಾಳಿನ ನಲ್ಲಿಗೆ ನೀರೇ ಬಂದಿರಲಿಲ್ಲ. ಟ್ಯಾಂಕರಿನ ಸದ್ದಿಗೆ ಹೆಂಗಸರು ಕೊಡ, ಬಕೆಟ್ಟು, ಡಬ್ಬ ಹಿಡಿದು ಧಾವಿಸಿ, ರೂಢಿಯಂತೆ ಸಾಲಾಗಿ ನಿಂತರು. ಓಟ ನೋಡಲು ಇಷ್ಟು ತಾಯಂದಿರು ಬಂದರಲ್ಲ ಎಂದು ಹೆಲೆನ್ ಹಿಗ್ಗಿ ಕೈಬೀಸಿದರು. ಕೊಡಗಳು ಕಣ್ಣಿಗೆ ಬೀಳಲಿಲ್ಲವೆಂದಲ್ಲ. ಆ ಹೆಂಗಸರನ್ನು ಕೊಡವಿಲ್ಲದೆ ಅವರು ಕಂಡದ್ದೇ ಅಪರೂಪ.

ನೀರೆಲ್ಲ ಗುಂಡಿಗೆ ಇಳಿಯಿತು. ಓಡಿಬರುತ್ತ ಸಾಲಿನಲ್ಲಿ ತಾಯಿಯನ್ನು ಕಂಡ ಸಪ್ನಾ ಅಡ್ಡಗಟ್ಟೆಯ ಬಳಿ ಗಕ್ಕನೆ ನಿಂತಳು.

‘ಹೆದರಬ್ಯಾಡ, ಜಿಗಿ’ ಎಂದು ಹೆಲೆನ್ ಕೂಗಿದರು. ಮತ್ತೆ ನಿಂತಾಗ ಗದರಿದರು. ಹುಡುಗಿ ಹಾರಿದಳು. ನೀರು ಸಿಡಿದು ಚನ್ನವ್ವನವರ ಖಾಲಿ ಕೊಡಕ್ಕೂ ಕಾಲಿಗೂ ತಗಲಿತು.

‘ನಿಮ್ಮೂರಾಗ ನೀರು ತುಳಿಕೋತ ಓಡ್ತಾರೇನ್ರೀ ಬಾಯಿ?’ ಎಂದರು ಚನ್ನವ್ವ. ‘ನಾವು ನೀರಿನ ಹಿಂದ ಓಡ್ತೀವಿ.’

‘ಬಿಡವಾ ಚನ್ನವ್ವ, ನಿನ ಮಗಳದಾರ ಜಳಕ ಆತಲ್ಲ’ ಎಂದು ನೆರೆಮನೆಯ ರುಕ್ಮಿಣಿಬಾಯಿ ಕುಟುಕಿದರು. ಸಾಲು ನಕ್ಕಿತು. ಸಪ್ನಾ ನೀರಿನೊಳಗೇ ತಲೆ ತಗ್ಗಿಸಿ ನಿಂತಿದ್ದಳು.

ಇವರು ಬಂದದ್ದು ನೀರಿಗೆಂದು ಆಗ ಹೆಲೆನ್ ಅವರಿಗೆ ತಿಳಿಯಿತು. ಬಟ್ಟೆ-ಪಾತ್ರೆಗಾದರೂ ಆದೀತೆಂದು ಹೆಂಗಸರು ಅದೇ ಕಲಕಿದ ನೀರನ್ನು ತುಂಬಿಕೊಂಡರು. ಹೆಲೆನ್ ಬಾಗಿ ಬಾಗಿ ಒಬ್ಬೊಬ್ಬರಿಗೂ ಕೊಡ ಎತ್ತಿಕೊಟ್ಟರು. ಯಾರೂ ಅವರ ಮುಖ ನೋಡಲಿಲ್ಲ.

ಸಪ್ನಾ ಮೈದಾನಕ್ಕೆ ಬರುವುದು ನಿಂತಿತು. ಹೆಲೆನ್ ಚಾಳಿಗೆ ಹೋದರು. ಚನ್ನವ್ವ ಚಾಪೆ ಹಾಸಿ, ಲೋಟದ ತುಂಬ ನೀರು ತಂದಿಟ್ಟರು. ‘ಕುಡೀರಿ ಬಾಯಿ, ಬಿಸಿಲಾಗ ಬಂದೀರಿ.’

ಬೇಡವೆಂದರೆ ಮನೆಯವರಿಗೆ ಅವಮಾನ; ಕುಡಿದರೆ ಆ ಮನೆಯ ನೀರು ಒಂದು ಲೋಟ ಕಡಿಮೆ. ಹೆಲೆನ್ ಕುಡಿದರು. ‘ತಪ್ಪಾತ್ರೀ’ ಎಂದರು.

‘ನಿಮ್ಮ ಮ್ಯಾಲ ನನಗ ಸಿಟ್ಟಿಲ್ರೀ. ಅಕಿಗೇ ನಾಚಿಕಿ. ಅವ್ವ ಕೊಡ ಹಿಡದು ನಿಂತಾಗ ನಾ ನೀರು ತುಳದೆ ಅಂತಾಳ.’

ಪರದೆಯ ಆಚೆ ಸಪ್ನಾ ಇದ್ದಳು, ಹೊರಗೆ ಬರಲಿಲ್ಲ. ಸಾವಿರಾರು ಜನರೆದುರು ಬಿದ್ದಾಗಲೂ ತನಗೆ ಆಗದ ನಾಚಿಕೆಯನ್ನು ಒಬ್ಬ ಹುಡುಗಿಯ ತಲೆಗೆ ಕಟ್ಟಿದೆನಲ್ಲ ಎಂಬ ಸಂಕಟ ಹೊತ್ತು ಹೆಲೆನ್ ಮೆಟ್ಟಿಲಿಳಿದರು. ಮರುದಿನದಿಂದ ಆ ಹೆಂಗಸರ ಜೊತೆ ನೀರಿಗಾಗಿ ವಾರ್ಡ್ ಕಚೇರಿಗೆ ಅಲೆದರು. ರಾಜ್ಯಕೂಟ ಸಪ್ನಾ ಇಲ್ಲದೆಯೇ ಕಳೆದುಹೋಯಿತು.

ಜೂನ್ ಮಳೆಗೆ ಗುಂಡಿ ತಾನಾಗಿ ತುಂಬಿತು. ಒಂದು ಬೆಳಿಗ್ಗೆ ಚನ್ನವ್ವ ಕೊಡೆ ಹಿಡಿದು ಮಗಳನ್ನು ಕರೆತಂದರು. ‘ಹಾರು ಇನ್ನ. ಇದು ಯಾರ ಕೊಡದ ನೀರೂ ಅಲ್ಲ.’ ಹುಡುಗಿ ಹೆಲೆನ್ ಅವರತ್ತ ನೋಡಿದಳು. ಸದಾ ಕೂಗಿ ಹುರಿದುಂಬಿಸುವವರು ಅಂದು ಬಾಯಿ ತೆರೆಯಲಿಲ್ಲ. ಸಪ್ನಾ ತಾನೇ ಹಿಂದೆ ಸರಿದು, ಓಡಿಬಂದು, ಹಾರಿದಳು.

ಅಂದಿನಿಂದ ನಮ್ಮ ಮೈದಾನದಲ್ಲಿ ನೀರಿನ ಅಭ್ಯಾಸ ಮಳೆಗಾಲದಲ್ಲಿ ಮಾತ್ರ. ಅದರಿಂದ ಪದಕಗಳು ತಪ್ಪಿವೆ ಎನ್ನುವವರಿದ್ದಾರೆ, ಇರಬಹುದು. ಸಪ್ನಾ ಮರುವರ್ಷದ ರಾಜ್ಯಕೂಟದಲ್ಲಿ ಬೆಳ್ಳಿ ಗೆದ್ದು ಈಗ ರೈಲ್ವೆಯಲ್ಲಿದ್ದಾಳೆ. ಚನ್ನವ್ವ ಎದುರಾದರೆ ಹೆಲೆನ್ ಅವರ ಕಣ್ಣು ಇಂದಿಗೂ ಮೊದಲು ಕೆಳಗಿಳಿಯುತ್ತದೆ, ಆಮೇಲೆ ನಗುತ್ತದೆ.

ಅವರಿಗೆ ದೀರ್ಘಾಯುಸ್ಸು ದೊರೆಯಲಿ, ಮಂಡಿನೋವು ತಗ್ಗಲಿ, ಇನ್ನೂ ಅನೇಕ ಮಳೆಗಾಲ ಅವರು ನಮ್ಮ ಹುಡುಗಿಯರನ್ನು ಓಡಿಸಲಿ. ಆ ನಾಚಿಕೆಯೊಂದನ್ನು ಅವರಿಂದ ಕಳೆಯೆಂದು ಮಾತ್ರ ನಾವು ದೇವರನ್ನು ಬೇಡುವುದಿಲ್ಲ. ನಮ್ಮ ಮಕ್ಕಳನ್ನು ಅವರು ಇಷ್ಟು ಜತನದಿಂದ ನೋಡಿಕೊಂಡದ್ದು ಅದನ್ನು ಉಳಿಸಿಕೊಂಡದ್ದರಿಂದಲೇ.