ಎರಡು ಇಯರ್‌ಫೋನ್, ಒಂದೇ ಕಿವಿ

೨೦೦೬ರಲ್ಲಿ ನಾನು ಪುಣೆಯ ಖಡಕಿ ಬಳಿಯ ಒಂದು ಧರ್ಮಾರ್ಥ ಆಸ್ಪತ್ರೆಯಲ್ಲಿ ಆಡಿಯಾಲಜಿಸ್ಟ್, ಅಂದರೆ ಶ್ರವಣ ಪರೀಕ್ಷಕನಾಗಿದ್ದೆ. ಬಾಲ್ಯದಲ್ಲಿ ಪಾಠಶಾಲೆಯ ಗುರುಗಳು, ಬಲಗಿವಿಯಲ್ಲಿ ಗಂಗೆಯ ಸನ್ನಿಧಾನವಿದೆ, ನೀರು ಸಿಗದೆಡೆ ಅದನ್ನು ಮುಟ್ಟಿಕೊಂಡರೆ ಆಚಮನ ಮಾಡಿದಂತೆ ಎಂದು ಕಲಿಸಿದ್ದರು. ವೃತ್ತಿಗೆ ಬಂದ ಮೇಲೂ ಆ ಭಾವ ನನ್ನನ್ನು ಬಿಡಲಿಲ್ಲ. ಯಾರ ಕಿವಿಯೊಳಗೆ ಬೆಳಕು ಬಿಡುವಾಗಲೂ ಗರ್ಭಗುಡಿಯ ಹೊಸ್ತಿಲಲ್ಲಿ ನಿಂತಂತೆ ಒಂದು ಕ್ಷಣ ತಡೆಯುತ್ತಿದ್ದೆ.

ವೈಜಯಂತಿ ನನ್ನಲ್ಲಿಗೆ ವರ್ಷಕ್ಕೊಮ್ಮೆ ಬರುತ್ತಿದ್ದವಳು. ಬಾಗಲಕೋಟೆಯ ಕಡೆಯವಳು, ಮದುವೆಯಾಗಿ ಪುಣೆಗೆ ಬಂದಿದ್ದಳು. ಎಳವೆಯಲ್ಲಿ ಮಂಗನಬಾವು ಬಂದು ಅವಳ ಎಡಗಿವಿ ಪೂರ್ತಿಯಾಗಿ ಹೋಗಿತ್ತು. ಬಲಗಿವಿ ಮಾತ್ರ ಅತ್ಯಂತ ಚುರುಕು. ಕೇಳಿಸುವ ಅತಿ ಸಣ್ಣ ಸದ್ದನ್ನು ನಾವು ಡೆಸಿಬೆಲ್‌ಗಳಲ್ಲಿ ಗುರುತಿಸುತ್ತೇವೆ. ಅಂಕಿ ಚಿಕ್ಕದಾದಷ್ಟೂ ಕಿವಿ ಸೂಕ್ಷ್ಮ. ಇಪ್ಪತ್ತೈದರವರೆಗೆ ಆರೋಗ್ಯವೆಂದು ಲೆಕ್ಕ. ಅವಳ ಬಲಗಿವಿ ಎಲ್ಲ ಸ್ವರಗಳಲ್ಲೂ ಹದಿನೈದರ ಮೇಲೆ ಹೋದದ್ದಿಲ್ಲ. ಆ ಒಂದು ಕಿವಿಯಿಂದಲೇ ಅವಳು ಹಿಂಜವಾಡಿಯ ಕಚೇರಿಯೊಂದರಲ್ಲಿ ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್ ಕೆಲಸ ಮಾಡುತ್ತಿದ್ದಳು. ಅಮೆರಿಕದ ವೈದ್ಯರು ರೋಗಿಗಳ ವಿವರವನ್ನೂ ಔಷಧದ ಪ್ರಮಾಣವನ್ನೂ ಹೇಳಿ ಧ್ವನಿಮುದ್ರಿಸಿ ಕಳಿಸುತ್ತಿದ್ದರು. ಅದನ್ನು ಕೇಳಿ ಟೈಪ್ ಮಾಡುವುದು ಅವಳ ಕೆಲಸ. ಶ್ರವಣ ಸರಿಯಿದೆಯೆಂಬ ಪ್ರಮಾಣಪತ್ರವನ್ನು ಕಂಪನಿ ಪ್ರತಿವರ್ಷ ಕೇಳುತ್ತಿತ್ತು.

ಆ ವರ್ಷ ಅವಳು ಅವಧಿಗೆ ಮುನ್ನವೇ, ಅತ್ತೆ ರುಕ್ಮಾಬಾಯಿಯವರ ಜೊತೆ ಬಂದಳು. ಚೀಲದಿಂದ ಕಿವಿಯೊಳಗೆ ಸಿಕ್ಕಿಸಿಕೊಳ್ಳುವ ಎರಡು ಜೊತೆ ಅಗ್ಗದ ಇಯರ್‌ಫೋನ್ ತೆಗೆದು ಮೇಜಿನ ಮೇಲಿಟ್ಟಳು. ಒಂದು ಕಪ್ಪು, ಒಂದು ಬಿಳಿ.

"ಸರ, ಈ ಎರಡರಾಗ ಯಾವುದು ಛಲೋ ಅದ, ನೋಡಿ ಹೇಳ್ರಿ. ಕರೇದು ಮದಲ ಭಾಳ ಸ್ವಚ್ಛ ಕೇಳಸ್ತಿತ್ತು, ಈಗ ಮಂದ ಆಗ್ಯದ. ಬಿಳೇದು ತಂದ ದಿನದಿಂದನ ಮಂದ. ಅಂಗಡಿಯವ್ರು ಎರಡೂ ಸರ್ತಿ ಟೊಪ್ಪಿಗಿ ಹಾಕ್ಯಾರ."

"ಅಂಗಡಿಯವ್ರನ್ನ ಯಾಕ ಬೈತಿ?" ಎಂದರು ರುಕ್ಮಾಬಾಯಿ. "ದಿನಾ ಕಿವ್ಯಾಗ ಬೂಚು ಜಡಕೊಂಡು ಕೂತ್ರ ಕಿವಿ ಒಣಗೂದಿಲ್ಲೇನು? ಅದಕ್ಕ ಎಣ್ಣಿ ನೀರಿನ ದಿನ ನಾನು ಬೆಳ್ಳುಳ್ಳಿ ಹಾಕಿ ಕಾಸಿದ ಎಣ್ಣಿ ಬಿಡಾಕತ್ತೀನ್ರಿ, ಸರ."

"ಸಾಸಿವಿ ಒಂದು ಬಾಕಿ ಅದ ನೋಡ್ರಿ ಸರ. ಅದನ್ನೂ ಹಾಕಿದ್ರ ಕಿವ್ಯಾಗ ಒಗ್ಗರಣಿ ಆಗ್ತದ," ಎಂದು ವೈಜಯಂತಿ ನಕ್ಕಳು. ಅತ್ತೆಯೂ ನಕ್ಕರು. ಅಭ್ಯಂಗದ ದಿನ ನೆತ್ತಿಗೂ ಕಿವಿಗೂ ಎಣ್ಣೆ ಬಿಡುವುದು ನಮ್ಮ ಮನೆಗಳ ವಾಡಿಕೆ. ಆ ಮುದುಕಿಯ ಕೈಯಲ್ಲಿ ಅದು ವಾತ್ಸಲ್ಯವೇ ಆಗಿತ್ತು.

ಕೇಳಿದ್ದಕ್ಕೆ ಉತ್ತರ ಕೊಡುವುದು ಧರ್ಮವೆಂದು ಎರಡನ್ನೂ ಪರೀಕ್ಷೆಗೆ ತೆಗೆದುಕೊಂಡೆ. ನಮ್ಮಲ್ಲಿ ಕಪ್ಲರ್ ಎಂಬ ಸಣ್ಣ ಲೋಹದ ಕುಹರವಿತ್ತು. ಕಿವಿಯ ನಾಳದಷ್ಟೇ ಜಾಗವಿರುವ ಅದರ ತಳದಲ್ಲಿ ಮೈಕ್ ಇರುತ್ತದೆ. ಇಯರ್‌ಫೋನನ್ನು ಅದಕ್ಕೆ ಹೊಂದಿಸಿದರೆ ಯಾವ ಸ್ವರ ಎಷ್ಟು ಬರುತ್ತದೆಂಬ ಗೆರೆ ಪರದೆಯ ಮೇಲೆ ಮೂಡುತ್ತದೆ. ಬಿಳಿಯದರ ಗೆರೆ ಮಂದ್ರದಲ್ಲಿ ಗುಡ್ಡದಂತೆ ಉಬ್ಬಿ, ವ್ಯಂಜನಗಳು ಸ್ಪಷ್ಟವಾಗುವ ಎರಡು ಸಾವಿರದಿಂದ ನಾಲ್ಕು ಸಾವಿರ ಹರ್ಟ್ಸ್‌ನ ಕಡೆ ಕುಸಿಯಿತು. ತಬಲಾದ ಎಡಗೈ ಮಾತ್ರ ಕೇಳಿಸಿ, ಹಾಡಿನ ಸಾಹಿತ್ಯ ಮುಳುಗಿದಂತೆ. ಕಪ್ಪಿನದು ಎಲ್ಲ ಸ್ಥಾಯಿಗಳಲ್ಲೂ ಸಮನಾಗಿತ್ತು. ನಾನೇ ಹಾಕಿಕೊಂಡು ಕೇಳಿದೆ. ಆ ಬೆಲೆಗೆ ಅಷ್ಟು ಶುದ್ಧವಾದ ನಾದ ಅಪರೂಪ.

ತಯಾರಿಕೆಯ ಮಾತು ಬೇರೆ. ಬಿಳಿಯದು ಒರಟು, ಪ್ಲಾಸ್ಟಿಕ್‌ನ ಎರಡು ಹೋಳುಗಳ ಬೆಸುಗೆ ಬೆರಳಿಗೆ ತಾಗುತ್ತಿತ್ತು, ತಂತಿ ಬಿರುಸು. ಆದರೆ ಅದರ ಮೂತಿಯ ಸುತ್ತ ಒಂದು ಉಬ್ಬು ಉಂಗುರವಿದ್ದು, ಕಿವಿಯೊಳಗೆ ಕೂರುವ ಮೆತ್ತನೆಯ ಸಿಲಿಕೋನ್ ಟೋಪಿ ಅದನ್ನು ಕಚ್ಚಿ ಹಿಡಿದಿತ್ತು. ಕಪ್ಪಿನದು ನಯ, ಹಗುರ, ನೋಡಲು ಚೆಲುವು. ಮೂತಿಯೂ ಅಷ್ಟೇ ನಯ. ಉಗುರು ತಾಗಿಸಿದೊಡನೆ ಟೋಪಿ ಕಳಚಿ ಮೇಜಿನ ಮೇಲೆ ಉರುಳಿತು.

ಕಪ್ಪಿನದು ಮಂದವಾಗಿರಲೇ ಇಲ್ಲ. ಹಾಗಾದರೆ ಮಂದವಾದದ್ದು ಯಾವುದು?

"ಈ ಟೋಪಿ ಎಂದಾದರೂ ಕಳೆದಿತ್ತೇನಮ್ಮ?"

"ಹೌದ್ರಿ. ಆಫೀಸಿನ ಗಾಡ್ಯಾಗ ಎಲ್ಲೋ ಬಿದ್ದಿರಬೇಕು. ಡಬ್ಬಿಯೊಳಗ ಬ್ಯಾರೆ ಜೋಡಿ ಕೊಟ್ಟಿದ್ರು, ಅದನ್ನ ಹಾಕ್ಕೊಂಡೆ."

ಓಟೋಸ್ಕೋಪ್‌ನ ಬೆಳಕು ಬಿಟ್ಟು ನೋಡಿದೆ. ನಾಳದ ಆಳದಲ್ಲಿ ಎಣ್ಣೆ ಹೊಳೆಯುತ್ತಿತ್ತು. ಅದರ ಕೆಳಗೆ, ಕಳೆದುಹೋಗಿದ್ದ ಆ ಟೋಪಿಯ ಕಪ್ಪು ಅಂಚು ಊದಿದ ಮಾಂಸದಲ್ಲಿ ಹೂತಿತ್ತು. ಎರಡು ಕಿವಿಯುಳ್ಳವರಿಗೆ ಒಂದು ಕಟ್ಟಿಕೊಂಡರೆ ಇನ್ನೊಂದು ಹೇಳುತ್ತದೆ. ಅವಳಿಗೆ ಹೋಲಿಸಿ ನೋಡಲು ಇನ್ನೊಂದಿರಲಿಲ್ಲ. ಆದ್ದರಿಂದ ಯಂತ್ರವನ್ನು ಅನುಮಾನಿಸಿದಳು. ಧ್ವನಿ ಏರಿಸಿದಳು, ಹೊಸದು ಕೊಂಡಳು, ಅದನ್ನೂ ಅದೇ ಕಿವಿಗೆ ಒತ್ತಿದಳು. ಟೋಪಿಯ ಹಿಂದೆ ಸೇರಿದ ಎಣ್ಣೆ ಹೊರಬರುವ ದಾರಿಯಿಲ್ಲದೆ ಕೊಳೆಯಿತು.

ನಮ್ಮ ಶಸ್ತ್ರವೈದ್ಯೆ ಮರಾಠಿಯವರು. ಅಂದೇ ಸೂಕ್ಷ್ಮದರ್ಶಕದಡಿ ಅದನ್ನು ಹೊರತೆಗೆದರು. ಸೋಂಕು ಕಿವಿಯ ತಮಟೆಯನ್ನು ತೂತು ಮಾಡಿ ಒಳಕಿವಿಗೂ ಇಳಿದಿತ್ತು. ತಟ್ಟೆಯ ಮೇಲಿನ ಆ ತುಣುಕನ್ನು ನೋಡುತ್ತ ರುಕ್ಮಾಬಾಯಿ ಕೇಳಿದರು: "ಎಣ್ಣಿ ಬಿಟ್ಟದ್ದಕ್ಕ ಹಿಂಗಾತೇನ್ರಿ?" ಕನ್ನಡ ತಿಳಿಯದ ವೈದ್ಯೆ ನನ್ನ ಮುಖ ನೋಡಿದರು. ನಾನು ಪ್ರಶ್ನೆಯನ್ನು ಮರಾಠಿಗೆ ತಿರುಗಿಸಿದೆ, ಅವರ ಉತ್ತರವನ್ನು ಕನ್ನಡಕ್ಕೆ: ಟೋಪಿಯೊಂದೇ ಇದ್ದಿದ್ದರೆ ಇಷ್ಟಾಗುತ್ತಿರಲಿಲ್ಲ, ಎಣ್ಣೆಯೊಂದೇ ಇದ್ದಿದ್ದರೂ ಇಷ್ಟಾಗುತ್ತಿರಲಿಲ್ಲ. ರುಕ್ಮಾಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೊರಗೆ ಹೋದರು.

ಔಷಧೋಪಚಾರದಿಂದ ತಮಟೆ ಕೂಡಿಕೊಂಡಿತು. ಒಳಕಿವಿ ಮೊದಲಿನಂತಾಗಲಿಲ್ಲ. ಮಂದ್ರಸ್ವರಗಳು ಉಳಿದವು; ಕೆಳಗೆ ಹೋದಂತೆ ಅಂಕಿ ದೊಡ್ಡದಾಗುವ ಆಡಿಯೋಗ್ರಾಮ್ ಎಂಬ ಶ್ರವಣ ನಕ್ಷೆಯಲ್ಲಿ, ನಾಲ್ಕು ಸಾವಿರ ಹರ್ಟ್ಸ್‌ನ ಗೆರೆ ಐವತ್ತೈದು ಡೆಸಿಬೆಲ್‌ಗೆ ಇಳಿದಿತ್ತು. ಮಾತು ಕೇಳಿಸುತ್ತದೆ, ಆದರೆ ಅದರ ಅಂಚುಗಳು ಕೇಳಿಸುವುದಿಲ್ಲ.

ಪ್ರಮಾಣಪತ್ರದ ದಿನ ಗಂಡ ಗುರುರಾಜ ಜೊತೆಗೆ ಬಂದ. ಔಷಧದ ಅಂಗಡಿಯೊಂದರ ಕೌಂಟರಿನಲ್ಲಿ ಕೆಲಸ ಅವನದು. ಆಡಿಯೋಗ್ರಾಮಿನ ಗೆರೆಯನ್ನು ಬಹಳ ಹೊತ್ತು ನೋಡಿ, ದನಿ ತಗ್ಗಿಸಿ ಹೇಳಿದ:

"ಗೆರಿ ಎಳಿಯೋರು ನೀವು, ಸರ. ಒಂದೀಟು ಮ್ಯಾಲೆ ಎಳದ್ರ ಯಾರಿಗೆ ಗೊತ್ತಾಗ್ತದ್ರಿ? ಮನಿ ನಡಿಯೂದು ಅಕಿ ಪಗಾರದ ಮ್ಯಾಲೆ."

ನಾನು ಉತ್ತರಿಸುವ ಮೊದಲೇ ವೈಜಯಂತಿ ಅವನಿಗೆ ಹೇಳಿದಳು. ಅವನ ತುಟಿಯಿಂದ ಮಾತನ್ನು ಓದಿಕೊಂಡಿದ್ದಳು. "ನೀವು ನನ್ನ ಬೆನ್ನ ಹಿಂದ ನಿಂತು ನಿಮ್ಮ ಅಂಗಡಿ ಔಷಧದ ಹೆಸರು ಹೇಳ್ರಿ. ನಾ ತಿರುಗಿ ಹೇಳ್ತೀನಿ. ಸರಿ ಆದ್ರ ಗೆರಿ ಮ್ಯಾಲೆ ಎಳೀರಿ ಅಂತ ಸರ್‌ಗ ಕೇಳೋಣು."

ಗುರುರಾಜ ಹಿಂದೆ ಹೋಗಿ ನಿಂತ. ಒಂದು ಹೆಸರು ಹೇಳಿದ. ಅವಳು ಸರಿಯಾಗಿ ಹೇಳಿದಳು. ಎರಡನೆಯದಕ್ಕೆ ಅವಳು ಹೇಳಿದ್ದು ಬೇರೊಂದು ಔಷಧ. ಮೂರನೆಯದೂ ಹಾಗೆಯೇ. ಅವಳು ಮಾತ್ರ ದೃಢವಾದ ದನಿಯಲ್ಲಿ, ಪಾಠ ಒಪ್ಪಿಸುವಂತೆ ಹೇಳುತ್ತಲೇ ಇದ್ದಳು. ಕಡೆಗೆ ಅವನು ಹೆಸರು ಹೇಳುವುದನ್ನು ಬಿಟ್ಟು ಗೋಡೆಗೆ ಒರಗಿ ನಿಂತುಬಿಟ್ಟ.

"ಯಾಕ ನಿಲ್ಲಿಸಿದ್ರಿ?" ಎಂದು ಕೇಳಿ ಅವಳು ತಿರುಗಿ ನೋಡಿದಳು. ಅವನ ಮುಖ ಕಂಡ ಮೇಲೆ ಮತ್ತೆ ಕೇಳಲಿಲ್ಲ. ನನ್ನತ್ತ ತಿರುಗಿ, "ಇದ್ದಂಗ ಬರೀರಿ, ಸರ," ಎಂದಳು.

ಇದ್ದಂತೆಯೇ ಬರೆದೆ. ಕಂಪನಿ ಅವಳನ್ನು ಕೆಲಸದಿಂದ ಬಿಡಿಸಿತು. ಅದರಲ್ಲಿ ಅನ್ಯಾಯವಿತ್ತೆಂದು ನಾನು ಹೇಳಲಾರೆ. ದೂರದ ಯಾವುದೋ ರೋಗಿಯ ಪ್ರಾಣವೂ ಭಗವಂತನದೇ.

ಆ ಪ್ರಕರಣದ ತರುವಾಯ, ಇಯರ್‌ಫೋನ್ ಯಾವುದು ಒಳ್ಳೆಯದೆಂದು ಯಾರು ಕೇಳಿದರೂ ನಾನು ನಾದವನ್ನು ಕಡೆಗೆ ಇಟ್ಟುಕೊಂಡೆ. ಮೊದಲು ಟೋಪಿಯನ್ನು ಉಗುರಿನಿಂದ ಎಳೆದು ನೋಡುತ್ತಿದ್ದೆ. ಒಂದೇ ಕಿವಿಯವರು ಬಂದರೆ ಎದುರಿಗೆ ಕೂರಿಸಿಕೊಂಡು ಹೀಗೆ ಹೇಳುತ್ತಿದ್ದೆ: ಸದ್ದು ಮಂದವಾದ ದಿನವೇ ಬನ್ನಿ, ಎಣ್ಣೆ ಬಿಡಬೇಡಿ, ಹೊಸ ಯಂತ್ರ ಕೊಳ್ಳಬೇಡಿ. ನಿಮಗೆ ಹೋಲಿಸಿ ನೋಡಲು ಇಲ್ಲದ ಆ ಇನ್ನೊಂದು ಕಿವಿಯ ಕೆಲಸವನ್ನು ಮಾಡುವುದಕ್ಕಾಗಿಯೇ ನಾನು ಇಲ್ಲಿ ಕೂತಿದ್ದೇನೆ.