ಆರು ಲೋಟ ನೀರು

ಸ್ಕ್ಯಾನ್ ಮಾಡುವ ಕೋಣೆಯ ಬಾಗಿಲು ತೆರೆದಾಗಲೆಲ್ಲ ಹೊರಗೆ ಬರುವ ಒಂದು ವಾಸನೆಯಿದೆ. ಹೊಟ್ಟೆಗೆ ಹಚ್ಚುವ ತಣ್ಣನೆಯ ಜೆಲ್ಲು, ಒದ್ದೆಯಾದ ಟಿಶ್ಯೂ ಕಾಗದ, ಏಸಿಯ ಹಳಸಲು ಗಾಳಿ, ಮೂರೂ ಸೇರಿದ್ದು. ಕಳೆದ ವಾರ ಬೊಂಬಾಯಿಯ ಕಾಂದಿವಲಿಯಲ್ಲಿ ಒಂದು ಸೋನೋಗ್ರಫಿ ಸೆಂಟರಿನ ಬೆಂಚಿನ ಮೇಲೆ, ನೀರಿನ ಬಾಟಲಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಾಗ ಅದು ಮೂಗಿಗೆ ಬಡಿಯಿತು. ನನಗೆ ಬೆನ್ನುನೋವು, ಕಿಡ್ನಿಯಲ್ಲಿ ಕಲ್ಲಿರಬಹುದೆಂದು ಡಾಕ್ಟರರ ಗುಮಾನಿ. ಈ ಸ್ಕ್ಯಾನಿಗೆ ನೀವು ಎಂದಾದರೂ ಹೋಗಿದ್ದರೆ ಆ ಬೆಂಚಿನ ಕಷ್ಟ ಗೊತ್ತಿರುತ್ತದೆ. ಹೊಟ್ಟೆ ತುಂಬ ನೀರು ಕುಡಿಯಬೇಕು, ಕುಡಿದದ್ದನ್ನು ಹಿಡಿದಿಟ್ಟುಕೊಳ್ಳಬೇಕು, ಮೂತ್ರಚೀಲ ತುಂಬಿದ ಮೇಲಷ್ಟೇ ಒಳಗೆ ಕರೆಯುತ್ತಾರೆ. ಗೊತ್ತಿಲ್ಲದಿದ್ದರೆ ನಿಮ್ಮ ಪುಣ್ಯ.

ನನಗಂತೂ ಆ ವಾಸನೆ ಹೊಸದಲ್ಲ. ಹತ್ತೊಂಬತ್ತು ವರ್ಷ ಬೆಂಚಿನ ಆಚೆ ಬದಿಯಲ್ಲಿದ್ದವಳು ನಾನು. ಜೋಗೇಶ್ವರಿಯ ಒಂದು ಸಣ್ಣ ಸೆಂಟರಿನಲ್ಲಿ ಬಂದವರ ಹೆಸರು ಬರೆದುಕೊಳ್ಳುವುದು, ನೀರು ಕುಡಿಸುವುದು, ಒಳಗೆ ಕರೆದೊಯ್ದು ಮಂಚದ ಮೇಲೆ ಮಲಗಿಸುವುದು ನನ್ನ ಕೆಲಸ. ಯಾರನ್ನೂ ನಂಬಬಾರದು ಎಂಬುದು ಆ ಕೆಲಸ ಕಲಿಸಿದ ಮೊದಲ ಪಾಠ. ಆರು ಲೋಟ ಕುಡಿದೆ ಎನ್ನುವವರು ಮೂರು ಕುಡಿದಿರುತ್ತಾರೆ. ಖಾಲಿ ಹೊಟ್ಟೆಯಲ್ಲಿ ಬಂದಿದ್ದೇನೆ ಎನ್ನುವವರ ಮೀಸೆಯಲ್ಲಿ ವಡಾಪಾವಿನ ಪುಡಿ ಇರುತ್ತದೆ. ಈ ಚಾಳಿ ಮನೆಗೂ ಬಂತು. ಗಂಡ ಮಾತ್ರೆ ನುಂಗಿದೆ ಎಂದರೆ ನಾನು ಹೋಗಿ ಪೊಟ್ಟಣದಲ್ಲಿ ಎಷ್ಟು ಉಳಿದಿವೆ ಎಂದು ನೋಡಿ ಬರುತ್ತಿದ್ದೆ. ಅವರು ಪಾಪ, ನಿಜವಾಗಿಯೂ ನುಂಗಿರುತ್ತಿದ್ದರು.

ಸೆಂಟರಿನ ಟಾಯ್ಲೆಟ್ಟಿಗೆ ಬೀಗ ಹಾಕಿಸಿದ್ದೂ ನಾನೇ. ಕುಡಿದವರು ತಡೆಯಲಾರದೆ ಕದ್ದು ಹೋಗಿ ಬರುತ್ತಿದ್ದರು, ಮತ್ತೆ ಒಂದು ಗಂಟೆ ಎಲ್ಲರ ಸಮಯ ಹಾಳು. ಹಾಗಾಗಿ ಕೀಲಿ ನನ್ನ ಸೊಂಟಕ್ಕೆ ಬಂತು. ಹೋಗಬೇಕಾದವರು ನನ್ನನ್ನು ಕೇಳಿಯೇ ಹೋಗಬೇಕು. ದೊಡ್ಡ ದೊಡ್ಡ ಗಂಡಸರು ಮುಖ ಹಿಂಡಿಕೊಂಡು ನನ್ನ ಮುಂದೆ ನಿಲ್ಲುತ್ತಿದ್ದರೆ, ಸುಳ್ಳು ಹೇಳುವುದಿಲ್ಲ, ಸ್ವಲ್ಪ ಜಂಬವೂ ಆಗುತ್ತಿತ್ತು.

ಶೀನಣ್ಣ ಬಂದದ್ದು ಈ ಜಂಬದ ಕಾಲದಲ್ಲಿ. ಕುರ್ಲಾದ ಒಂದು ಹೋಟೆಲಿನಲ್ಲಿ ಅಡುಗೆಯವರು, ಊರು ಉಡುಪಿಯ ಕಡೆ, ವಯಸ್ಸು ಅರವತ್ತರ ಹತ್ತಿರ. ಮೂರು ದಿನದಿಂದ ಬಲ ಪಕ್ಕೆಯಲ್ಲಿ ನೋವು, ವಾಂತಿ. ಇವತ್ತೇ ಸ್ಕ್ಯಾನ್ ಆಗಬೇಕೆಂದು ಚೀಟಿಯಲ್ಲಿ ಬರೆದು ಅದರ ಕೆಳಗೆ ಅವರ ಡಾಕ್ಟರರು ಎರಡು ಗೆರೆ ಎಳೆದಿದ್ದರು. ಅದಾಗಲೇ ಬೇರೆ ಎರಡು ಕಡೆ ಹೋಗಿ, ಮಂಚದಿಂದಲೇ ಎದ್ದು ಬಂದ ಆಸಾಮಿ. ನನ್ನದು ಅವರ ಕಡೆಯ ಮಾತು ಎಂದು ಗೊತ್ತಾದ ಕೂಡಲೇ ಮೇಜಿನ ಮೇಲೆ ಬಗ್ಗಿ, ದನಿ ತಗ್ಗಿಸಿ ಕೇಳಿದರು.

"ಅಕ್ಕ, ಇಲ್ಲಿ ಬರೇ ನೋಡುವುದಾ, ತೆಗೆಯುವುದೂ ಉಂಟಾ?"

"ಎಂತ ತೆಗೆಯುವುದು?"

"ಕಿಡ್ನಿ. ಬೊಂಬಾಯಿಯಲ್ಲಿ ಎಂತೆಂತ ಆಗ್ತದೆ ಅಂತ ನನಗೆ ಗೊತ್ತುಂಟು."

ನಾನು ನಕ್ಕೆ. ಅವರು ನಗಲಿಲ್ಲ. ಕೂಲರಿನ ನೀರು ಕೊಟ್ಟರೆ ಮುಟ್ಟಲಿಲ್ಲ. ತಾನು ಕಾಯಿಸದ ನೀರನ್ನು ತಾನು ಕುಡಿಯುವುದಿಲ್ಲವಂತೆ. ನಲವತ್ತು ವರ್ಷ ಹೋಟೆಲಿನ ಒಳಗೆ ನಿಂತವನು ಹೊರಗಿನದ್ದನ್ನು ಬಾಯಿಗಿಡುವುದುಂಟೇ ಎಂದರು. ಚೀಲದಿಂದ ಒಂದು ಸ್ಟೀಲ್ ಕ್ಯಾನು ತೆಗೆದು, ಜೀರಿಗೆ ನೀರನ್ನು ಲೋಟಕ್ಕೆ ಬಗ್ಗಿಸಿ, ಎತ್ತಿ ಕುಡಿಯತೊಡಗಿದರು. ಆ ಕ್ಯಾನಿನಲ್ಲಿ ಎಷ್ಟಿತ್ತು, ಎಷ್ಟು ಹೋಯಿತು ಎಂದು ನನಗೆ ಕಾಣುತ್ತಿರಲಿಲ್ಲ. ಅಲ್ಲಿಗೇ ನನ್ನ ಗುಮಾನಿ ಶುರುವಾಯಿತು.

ಒಂದು ಗಂಟೆ ಬಿಟ್ಟು ಒಳಗೆ ಕರೆದೆವು. ನಮ್ಮ ಸೆಂಟರಿನ ಡಾಕ್ಟರಮ್ಮನನ್ನು ಮರಾಠಿ ರೂಢಿಯಂತೆ ಎಲ್ಲರೂ ಡಾಕ್ಟರ್‌ಬಾಯಿ ಎನ್ನುತ್ತಿದ್ದೆವು. ಡಾಕ್ಟರ್‌ಬಾಯಿ ಕೆಳಹೊಟ್ಟೆಯ ಮೇಲೆ ಸ್ಕ್ಯಾನಿನ ಹಿಡಿ ಇಟ್ಟು ನೋಡಿದರೆ ಮೂತ್ರಚೀಲ ಪೂರ್ತಿ ಖಾಲಿ. ಪಕ್ಕೆ ನೋಡೋಣವೆಂದರೆ ಶೀನಣ್ಣ ಎರಡೂ ಕೈಯನ್ನು ಸೊಂಟದ ಮೇಲೆ ಗಟ್ಟಿಯಾಗಿ ಒತ್ತಿ ಹಿಡಿದಿದ್ದಾರೆ. ಉಸಿರು ಎಳೆದು ಹಿಡಿಯಿರಿ ಎಂದರೆ ಬೇಕೆಂದೇ ದುಸುಬುಸು ಬಿಡುತ್ತಾರೆ. ಹೊರಗೆ ಇನ್ನೂ ಹತ್ತು ಜನ ಕಾಯುತ್ತಿದ್ದರು. ನೀರು ಕುಡಿಸಿ ಆಮೇಲೆ ಕಳಿಸು ಎಂದು ಡಾಕ್ಟರ್‌ಬಾಯಿ ನನ್ನ ಮೇಲೆ ಸಿಡುಕಿದರು.

ಆ ಸಿಟ್ಟನ್ನು ನಾನು ಶೀನಣ್ಣನ ಮೇಲೆ ಇಳಿಸಿದೆ. "ಕುಡಿದೆ ಅಂತ ಸುಳ್ಳು ಯಾಕೆ ಹೇಳ್ತೀರಿ ಮಾರಾಯ್ರೆ? ಹೊಟ್ಟೆಯಲ್ಲಿ ಒಂದು ಹನಿ ಇಲ್ಲ!"

"ಆರು ಲೋಟ ಕುಡಿದಿದ್ದೇನೆ ಅಕ್ಕ."

"ಹಾಗಾದ್ರೆ ಎಲ್ಲಿ ಹೋಯ್ತು?"

ಅವರು ಕ್ಯಾನು ಬಗ್ಗಿಸಿ ಲೋಟ ತುಂಬಿಸಿಕೊಂಡರು. ಮತ್ತೆ ಕುಡಿಯತೊಡಗಿದರು. ಈ ಸಲ ನಾನು ಎದುರಿಗೇ ಕುರ್ಚಿ ಹಾಕಿಕೊಂಡು ಕೂತೆ. ಅವರು ಲೋಟ ಎತ್ತಿದಾಗ ಗಂಟಲು ಅಲ್ಲಾಡುತ್ತದೆಯೇ ಎಂದು ನೋಡಿದೆ. ಫೋನು ಬಂತೆಂದು ನಾನು ಎದ್ದು ಹೋದ ಎರಡು ನಿಮಿಷದಲ್ಲಿ ಕಿಟಕಿಯ ತುಳಸಿ ಕುಂಡಕ್ಕೆ ಸುರಿದಿರಬಹುದೆಂದು ಮಣ್ಣಿಗೆ ಬೆರಳು ಹಾಕಿಯೂ ನೋಡಿದೆ. ಮಣ್ಣು ಒಣಗಿತ್ತು. ಆದರೂ ಅನುಮಾನ ಹೋಗಲಿಲ್ಲ. ಹೇಗೋ ಮೋಸ ಮಾಡಿದ್ದಾರೆ, ಹೇಗೆಂದು ನನಗೆ ತಿಳಿಯುತ್ತಿಲ್ಲ ಅಷ್ಟೇ ಎಂದುಕೊಂಡೆ. ಅವರ ಮುಖ ಬೆವರುತ್ತಿತ್ತು. ಸುಳ್ಳು ಹೇಳುವವರು ಬೆವರುತ್ತಾರೆ ಎಂದು ಅದನ್ನೂ ನನ್ನ ಕಡೆಗೇ ಎಳೆದುಕೊಂಡೆ.

ಎರಡನೇ ಸಲವೂ ಖಾಲಿ. ಈಗ ಡಾಕ್ಟರ್‌ಬಾಯಿ ಸಿಡುಕಲಿಲ್ಲ. ಪರದೆಯನ್ನೇ ನೋಡುತ್ತ, "ಚಾವಿ ಕುಣಾಕಡೆ ಆಹೇ?" ಎಂದು ಮರಾಠಿಯಲ್ಲಿ ನನ್ನನ್ನು ಕೇಳಿದರು. ಟಾಯ್ಲೆಟ್ಟಿನ ಕೀಲಿ ಯಾರ ಹತ್ತಿರ ಇದೆ?

ನನ್ನ ಹತ್ತಿರವೇ ಇತ್ತು. ಬೆಳಗ್ಗಿನಿಂದ ಆ ಮನುಷ್ಯ ಅದನ್ನು ಒಮ್ಮೆಯೂ ಕೇಳಿರಲಿಲ್ಲ; ಸ್ಕ್ಯಾನಿಗೆ ಒಳಗೆ ಬಂದದ್ದು ಬಿಟ್ಟರೆ ಬೆಂಚಿನಿಂದ ಎದ್ದೂ ಇರಲಿಲ್ಲ. ಇಷ್ಟು ಹೊತ್ತು ನಾನು ಕಾದದ್ದು ಅವರನ್ನೇ. ಮಂಚದ ಹತ್ತಿರ ಬಗ್ಗಿ ಕೇಳಿದೆ.

"ಶೀನಣ್ಣ, ಕೊನೆಗೆ ಒಂದಕ್ಕೆ ಹೋದದ್ದು ಯಾವಾಗ?"

"ನಿನ್ನೆ ಬೆಳಿಗ್ಗೆ. ಮತ್ತೆ ಬರ್ಲೇ ಇಲ್ಲ."

"ಮೊದಲೇ ಹೇಳಬಾರದಾ?"

"ನೀವು ಕೇಳ್ಲಿಲ್ಲ. ಎಷ್ಟು ಕುಡಿದೆ ಅಂತ ಮಾತ್ರ ಕೇಳಿದ್ದು."

ಇನ್ನು ಪಕ್ಕೆ ನೋಡದೆ ವಿಧಿಯಿಲ್ಲ. ಆದರೆ ಅವರು ಕೈ ತೆಗೆಯಬೇಕಲ್ಲ? ಡಾಕ್ಟರ್‌ಬಾಯಿ ಹಿಂದಿಯಲ್ಲಿ ಗದರಿದರು, ಬೇಡಿಕೊಂಡರು. ಉಸಿರು ಹಿಡಿದರೆ ಎಚ್ಚರ ತಪ್ಪುತ್ತದೆ, ಆಮೇಲೆ ನೀವು ಎಂತ ಮಾಡುತ್ತೀರಿ ಎಂದು ಯಾರಿಗೆ ಗೊತ್ತು ಎಂದು ಶೀನಣ್ಣನ ಹಟ. ಪರದೆಯನ್ನು ಅವರ ಕಡೆಗೆ ತಿರುಗಿಸಿದೆ. ನೀವೇ ನೋಡುತ್ತಿರಿ, ನಿಮ್ಮ ಕೈ ಬೇಕಾದರೆ ನಾನು ಹಿಡಿದುಕೊಳ್ಳುತ್ತೇನೆ ಎಂದೆ. ನಿಧಾನಕ್ಕೆ ಒಂದು ಕೈ ಸಡಿಲವಾಯಿತು. ಉಸಿರಿಗೇನು ಮಾಡುವುದು? ನನಗೆ ಅಮ್ಮನ ಒಲೆ ನೆನಪಾಯಿತು.

"ಶೀನಣ್ಣ, ಬಾಣಲೆ ಕಾದಿದೆ. ಒಣಮೆಣಸು ಹಾಕ್ತಾ ಇದ್ದೇನೆ. ಒಂದು ಕಿಲೋ!"

ಅವರು ಸರಕ್ಕನೆ ಉಸಿರು ಎಳೆದು, ಬಾಯಿ ಮುಚ್ಚಿ, ಕಲ್ಲಿನ ಹಾಗೆ ನಿಶ್ಚಲವಾದರು. ಘಾಟಿನ ಎದುರು ನಲವತ್ತು ವರ್ಷ ಹಿಡಿದ ಉಸಿರು ಅದು. ಡಾಕ್ಟರ್‌ಬಾಯಿ ಎಡಗಡೆ ನೋಡಿ ಮುಗಿಸಿ, ಬಲಗಡೆಗೆ ಬಂದು, ಚಿತ್ರ ತೆಗೆದರೂ ಶೀನಣ್ಣ ಬಿಟ್ಟಿರಲಿಲ್ಲ. "ಮೆಣಸು ತೆಗೆದೆ, ಬಿಡಿ ಬಿಡಿ" ಎಂದು ನಾನೇ ಹೇಳಬೇಕಾಯಿತು.

ಎಡಗಡೆಯ ಕಿಡ್ನಿ ಯಾವ ಕಾಲದಲ್ಲೋ ಸುರುಟಿಹೋಗಿತ್ತು. ಅವರು ಬದುಕಿದ್ದದ್ದು ಬಲಗಡೆಯದೊಂದರ ಮೇಲೆ. ಅದರ ದಾರಿಗೆ ಕಲ್ಲೊಂದು ಅಡ್ಡ ಕೂತು ಕಿಡ್ನಿ ಊದಿಕೊಂಡಿತ್ತು. ಇಳಿಯಲು ದಾರಿಯೇ ಇಲ್ಲದವರಿಗೆ ನಾನು ಮೇಲಿನಿಂದ ಸುರಿಸುತ್ತಲೇ ಇದ್ದೆ. ಡಾಕ್ಟರ್‌ಬಾಯಿ ತಾವೇ ಆಸ್ಪತ್ರೆಗೆ ಫೋನು ಮಾಡಿದರು. ಅದೇ ಮಧ್ಯಾಹ್ನ ನಳಿಕೆ ಹಾಕಿ ದಾರಿ ಬಿಡಿಸಿದರು. ಕಿಡ್ನಿ ಉಳಿಯಿತು. ಆ ಎರಡು ಗಂಟೆಯಿಂದ ಏನೂ ಕೆಟ್ಟಿಲ್ಲ ಎಂದು ಡಾಕ್ಟರ್‌ಬಾಯಿ ನನಗೆ ಎಷ್ಟೋ ಸಲ ಹೇಳಿದ್ದಾರೆ. ಅದನ್ನು ನಾನು ಇವತ್ತಿಗೂ ಪೂರ್ತಿ ನಂಬಿಲ್ಲ.

ಒಂದು ತಿಂಗಳ ಮೇಲೆ ಮತ್ತೆ ಸ್ಕ್ಯಾನಿಗೆ ಬಂದರು. ನಾನು ಕ್ಷಮೆ ಕೇಳಲು ಮಾತು ಹುಡುಕುತ್ತಿದ್ದೆ. ಶೀನಣ್ಣ ತಾವೇ ಶುರು ಮಾಡಿದರು. "ನೀವು ನನ್ನನ್ನು ನಂಬಲಿಲ್ಲ, ಇರಲಿ. ನನಗೂ ನಿಮ್ಮ ಮೇಲೆ ನಂಬಿಕೆ ಇರ್ಲಿಲ್ಲ. ಆದ್ರೂ ಕುಡಿ ಅಂದದ್ದಕ್ಕೆ ಕುಡಿದೆ ಅಲ್ವಾ?" ಇಷ್ಟು ಹೇಳಿ ಬೆಂಚಿಗೆ ಹೋಗಿ ಕೂತರು. ನಾನು ಟಾಯ್ಲೆಟ್ಟಿನ ಬೀಗ ತೆಗೆಸಿದೆ. ಅಂದಿನಿಂದ ಎಷ್ಟು ಕುಡಿದಿರಿ ಎನ್ನುವುದಕ್ಕೆ ಮೊದಲು, ಕೊನೆಗೆ ಯಾವಾಗ ಹೋದಿರಿ ಎಂದು ಕೇಳತೊಡಗಿದೆ.

ಕಳೆದ ವಾರ ಕಾಂದಿವಲಿಯಲ್ಲಿ ಇದೆಲ್ಲ ನೆನೆಯುತ್ತ ಕೂತಿದ್ದಾಗ, ನನ್ನ ಪಕ್ಕದ ಹೆಂಗಸನ್ನು ಕೌಂಟರಿನ ಹುಡುಗಿ ಎರಡನೇ ಸಲ ಹಿಂದಕ್ಕೆ ಕಳಿಸಿದಳು. ಉತ್ತರ ಕರ್ನಾಟಕದವಳು, ಕಟ್ಟಡದ ಕೆಲಸದವಳೆಂದು ಕೈ ನೋಡಿದರೆ ತಿಳಿಯುತ್ತಿತ್ತು. "ಕುಡದೀನ್ರೀ, ಖರೇನ ಕುಡದೀನಿ" ಎನ್ನುತ್ತಿದ್ದಳು. ಹುಡುಗಿಗೆ ಭಾಷೆ ಬಾರದು. ನೋಟ ಮಾತ್ರ ನನ್ನ ಹಳೆಯ ನೋಟ. ಇವಳದೂ ಶೀನಣ್ಣನ ಕಥೆಯೇ ಇರಬಹುದೇ? ಹೆಂಗಸಿನ ಕೈ ಹಿಡಿದು ಮೆಲ್ಲಗೆ ಕೇಳಿದೆ.

"ತಂಗಿ, ಹೆದರಬೇಡ. ಕೊನೆಗೆ ಯಾವಾಗ ಹೋಗಿದ್ದೆ?"

ಅವಳು ಹುಡುಗಿಯ ಕಡೆಗೊಮ್ಮೆ ಕಳ್ಳನೋಟ ಬೀರಿ, ನನ್ನ ಕಿವಿಯ ಹತ್ತಿರ ಬಂದಳು.

"ಈಗರೀ ಯವ್ವಾ. ತಡೀಲಾಕ ಆಗ್ಲಿಲ್ಲ, ಮೂರ್ ಸರ್ತಿ ಹೋಗಿ ಬಂದೀನಿ. ಆಕೀಗೆ ಹೇಳಬ್ಯಾಡ್ರಿ."

ಇಷ್ಟು ವರ್ಷದಲ್ಲಿ ಯಾರ ಸುಳ್ಳೂ ನನಗೆ ಇಷ್ಟು ಸಂತೋಷ ಕೊಟ್ಟದ್ದಿಲ್ಲ. ಹೇಳುವುದಿಲ್ಲ ಎಂದು ಅವಳ ಕೈ ಅದುಮಿದೆ.