ದೂರದ ಊರಿಗೆ ದೊಡ್ಡ ದನಿ

ಬೆಳಗಾವಿಯಿಂದ ಹೊರಡುವ ವಿಮಾನ ಇನ್ನೇನು ಏಳಬೇಕು. ಮುಂದಿನ ಸಾಲಿನ ದಪ್ಪ ಮೀಸೆಯವರೊಬ್ಬರು ಫೋನನ್ನು ಕಿವಿಗೆ ಒತ್ತಿಕೊಂಡು, "ಹಾಂ, ಈಗ ಏಳಾಕ ಹತ್ತೇತಿ, ನೀವು ಊಟಾ ಮಾಡ್ರಿ" ಎಂದು ಯಾರಿಗೋ ವರದಿ ಕೊಡುತ್ತಿದ್ದರು. ಗಗನಸಖಿ ಬಂದು ನಗುನಗುತ್ತಲೇ ಗದರಿಸಿ ಹೋದಳು. ಫೋನು ಜೇಬು ಸೇರಿತು. ಅವರ ಪಕ್ಕದವರು, ಕೆಲವು ದೇಶಗಳಲ್ಲಿ ಹಾರುವಾಗಲೂ ಮಾತಾಡಲು ಬಿಡುತ್ತಾರಂತೆ ಎಂದರು. ಅಷ್ಟು ಸಾಕಾಯಿತು. ಬಿಡಬೇಕೋ ಬಿಡಬಾರದೋ ಎಂದು ಸಾಲಿಗೆ ಸಾಲೇ ವಾದಕ್ಕೆ ಕೂತಿತು. ನಾನು ತಡಮಾಡದೆ ಬಿಡಬಾರದು ಎನ್ನುವವರ ಕಡೆ ಸೇರಿದೆ.

"ಇದೊಂದು ಜಾಗಾ ಆದ್ರೂ ಶಾಂತ ಇರ್ಲಿ ಬಿಡ್ರಿ" ಎಂದೆ ಪಕ್ಕದಲ್ಲಿ ಕೂತ ನಮ್ಮ ಯಜಮಾನರಿಗೆ.

ಅವರು ನಕ್ಕರು. "ಯಾರರೆ ಹೇಳ್ಲಿ, ಈ ಮಾತು ನೀ ಹೇಳಬಾರದು ನೋಡು."

ನಿಜ, ನಾನು ಹೇಳಬಾರದಿತ್ತು. ಯಾಕೆಂದು ಹೇಳುತ್ತೇನೆ. ಹೇಗೂ ಬೆಲ್ಟು ಕಟ್ಟಿಯಾಗಿದೆ, ನೀವು ಎದ್ದು ಹೋಗುವಂತಿಲ್ಲ.

ನಮ್ಮ ಮಾವ, ಅಂದರೆ ಅವ್ವನ ತಮ್ಮ, ಬೈಲಹೊಂಗಲದಲ್ಲಿ ಹತ್ತಿ ವ್ಯಾಪಾರ ಮಾಡಿಕೊಂಡಿದ್ದವನು. ಎರಡು ಸಾವಿರದ ಇಸವಿಯ ಆಚೀಚೆ ನಮ್ಮ ಬಳಗದಲ್ಲಿ ಮೊದಲು ಮೊಬೈಲು ತಂದವನು ಅವನೇ. ಫೋನಿನ ವಿಷಯದಲ್ಲಿ ಅವನದೊಂದು ಸಿದ್ಧಾಂತವಿತ್ತು. ಊರು ಎಷ್ಟು ದೂರವೋ ದನಿ ಅಷ್ಟು ದೊಡ್ಡದಿರಬೇಕು. ಓಣಿಯೊಳಗಾದರೆ ಸಾದಾ ಮಾತು ನಡೆದೀತು. ಕಿತ್ತೂರಿಗೆ ಸ್ವಲ್ಪ ಏರಿಸಬೇಕು. ಸವದತ್ತಿ, ರಾಮದುರ್ಗಕ್ಕೆ ಎದ್ದು ನಿಲ್ಲಬೇಕು. ಪುಣೆಗೆ ಮಾತಾಡುವುದಿದ್ದರೆ ಮಾವ ಮಾಳಿಗೆ ಹತ್ತುತ್ತಿದ್ದ. ಟ್ರಂಕ್ ಕಾಲ್ ಕಾಲದಲ್ಲಿ ಕಲಿತ ವಿದ್ಯೆ ಅದು, ಬಿಡು ಎಂದರೆ ಬಿಡುವಂಥದ್ದಲ್ಲ.

"ಅಷ್ಟ್ಯಾಕ ಒದರ್ತೀಯೋ?" ಎಂದು ಅವ್ವ ರೇಗಿದರೆ, "ಅಕ್ಕಾ, ನಡುವ ಎಷ್ಟು ಹೊಲಾ, ಎಷ್ಟು ಹಳ್ಳಾ ಅದಾವು, ದಾಟಿ ಹೋಗಬೇಕಲ್ಲ?" ಎನ್ನುತ್ತಿದ್ದ.

ಆಗಲೇ ರಾಮದುರ್ಗದಿಂದ ಒಬ್ಬ ಹುಡುಗ ನನ್ನನ್ನು ನೋಡಲು ಬಂದ. ಅವ್ವ ಮಾಡಿದ ಚುರುಮುರಿ ಸೂಸಲಕ್ಕೆ ಅವತ್ತು ಖಾರ ಕೈ ಮೀರಿ ಬಿದ್ದಿತ್ತು. ಹುಡುಗ ಕಣ್ಣಲ್ಲಿ ನೀರು ತುಂಬಿಕೊಂಡು, ಒಂದು ಮಾತೂ ಆಡದೆ, ತಟ್ಟೆ ಬರಿದು ಮಾಡಿದ. ಅಲ್ಲಿಗೆ ನನ್ನ ಕತೆ ಮುಗಿಯಿತು. ಆದರೆ ಯಾರ ಮುಂದೆ ಹೇಳುವುದು? ಹುಡುಗಿ ತಾನಾಗಿ ಬಾಯಿಬಿಟ್ಟು ಮನಸ್ಸಿದೆ ಎನ್ನುವ ಪದ್ಧತಿ ನಮ್ಮಲ್ಲಿರಲಿಲ್ಲ. ಅಪ್ಪ ಸಂಕೋಚದ ಮನುಷ್ಯ, ಮಾತುಕತೆಯನ್ನೆಲ್ಲ ಮಾವನಿಗೆ ವಹಿಸಿಬಿಟ್ಟಿದ್ದ. ಮೊಬೈಲು ಇದ್ದವನೇ ಹಿರಿಯ ಎನ್ನುವಂತಾಗಿತ್ತು ಮನೆಯಲ್ಲಿ. ಮಾವನಿಗೋ ಬೇರೆಯೇ ಆಸೆ. ಅಕ್ಕನ ಮಗಳ ಮೇಲೆ ಸೋದರಮಾವನ ಮನೆಗೇ ಮೊದಲ ಹಕ್ಕು, ನನ್ನನ್ನು ತನ್ನ ಮಗನಿಗೆ ತಂದುಕೊಳ್ಳಬೇಕೆಂದು ಅವನ ಲೆಕ್ಕ. ಆ ಮಗ ನನ್ನ ಜಡೆ ಎಳೆಯುತ್ತಲೇ ಬೆಳೆದವನು. ಒಳ್ಳೆಯವನೇ, ಆದರೆ ಗಂಡನೆಂದು ನೆನೆದರೆ ನಗು ಬರುತ್ತಿತ್ತು.

ಒಂದು ದಿನ ಮಾವ ನನ್ನನ್ನು ಮುರಗೋಡದ ಅಜ್ಜಿಯ ಮನೆಗೆ ಕರೆದುಕೊಂಡು ಹೊರಟ. ಸಂತೆಯ ದಿನ, ಬಸ್ಸು ಕಿಕ್ಕಿರಿದಿತ್ತು. ನನ್ನ ಪಕ್ಕದಲ್ಲಿ ಬದನೆಕಾಯಿ ಚೀಲ ತೊಡೆಯ ಮೇಲಿಟ್ಟುಕೊಂಡ ಒಬ್ಬ ಮುದುಕಿ, ಮುಂದಿನ ಸೀಟಿನಲ್ಲಿ ಮಾವ. ಊರು ದಾಟುತ್ತಲೇ ಮಾವನ ಜೇಬು ಹಾಡಿತು. ರಾಮದುರ್ಗದಿಂದ ಹುಡುಗನ ಅಪ್ಪ! ಮಾವ ಸಿದ್ಧಾಂತದ ಪ್ರಕಾರ ಎದ್ದು ನಿಂತ.

"ಹಲೋ! ನಮಸ್ಕಾರ್ರಿ! ಹುಡುಗ ಛಲೋ ಅದಾನ್ರಿ, ಇಲ್ಲ ಅನ್ನಂಗಿಲ್ಲ! ಆದ್ರ ನಮ್ಮ ಹುಡುಗಿಗೆ ಮನಸ್ಸಿಲ್ರಿ! ಒಲ್ಲೆ ಅಂತಾಳ್ರಿ!"

ಒಲ್ಲೆ ಎಂದು ನಾನು ಯಾವಾಗ ಅಂದೆ? ನನ್ನನ್ನು ಕೇಳಿದವರಾದರೂ ಯಾರು? ನಮ್ಮ ಕಡೆಯ ಬಸ್ಸಿನಲ್ಲಿ ಒಬ್ಬರಿಗೆ ಫೋನು ಬಂದರೆ ಅದು ಎಲ್ಲರಿಗೂ ಬಂದ ಹಾಗೆ. ಹುಡುಗಿ ಯಾರೆಂದು ಎಲ್ಲರೂ ಕತ್ತು ಹೊರಳಿಸಿದರು.

ಮುದುಕಿ ನನ್ನ ಗದ್ದ ಎತ್ತಿ ನೋಡಿದಳು. "ಹುಡುಗಿ ಅಂದ್ರ ನೀನ ಏನವಾ? ಖರೇನ ಒಲ್ಲೆ ಅಂದೀ?"

ಇಲ್ಲವೆಂದು ತಲೆಯಾಡಿಸಿದೆ.

"ಅಂದ್ರ ಮನಸ್ಸೈತಿ?"

ತಲೆ ಇನ್ನಷ್ಟು ತಗ್ಗಿಸಿದೆ. ಅವಳಿಗೆ ಅಷ್ಟೇ ಬೇಕಿತ್ತು. "ಏ ಯಪ್ಪಾ, ಯಾಕ ಸುಳ್ಳ ಹೇಳ್ತಿ? ಹುಡುಗಿಗೆ ಮನಸ್ಸೈತಿ!"

"ಐತಂತ?" ಎಂದಿತು ಹಿಂದಿನ ಸೀಟು. "ಐತಂತ್ರಿ!" ಎಂದಿತು ಅದರ ಹಿಂದಿನದು. ಎಂಜಿನ್ ಸಪ್ಪಳಕ್ಕೆ ಮಾತು ಸರಿಯಾಗಿ ಕೇಳುತ್ತಿಲ್ಲವೆಂದು ಡ್ರೈವರು ಬಸ್ಸನ್ನು ಬೇವಿನ ಮರದ ಕೆಳಗೆ ನಿಲ್ಲಿಸಿಯೇಬಿಟ್ಟ. ಕಂಡಕ್ಟರು ಮಾವನ ಕಿವಿಯ ಹತ್ತಿರ ಬಾಯಿ ತಂದು, "ಪೂರಾ ಮನಸ್ಸೈತ್ರಿ!" ಎಂದು ಫೋನಿಗೆ ಕೂಗಿದ.

ಬೀಗರಾಗುವವರೂ ಮಾವನ ಸಿದ್ಧಾಂತದವರೇ. "ಯಾರ್ರೀ ಅವ್ರು, ಅಷ್ಟು ಮಂದಿ?" ಎಂಬ ಅವರ ದನಿ ನನ್ನವರೆಗೂ ಬಂತು.

"ಹುಡುಗಿ ಕಡೆಯವ್ರು!" ಎಂದಿತು ಇಡೀ ಬಸ್ಸು.

ಮಾವ ಕುಸಿದು ಕೂತ. ಮುರಗೋಡದಲ್ಲಿ ಇಳಿದ ಮೇಲೆ ಮುಖ ಒರೆಸಿಕೊಂಡು, "ಅಲ್ಲವಾ, ಮೊದಲ ನನ್ನ ಮುಂದ ಹೇಳಬಾರದಿತ್ತೇನು?" ಎಂದ.

"ನೀ ಕೇಳಲೇ ಇಲ್ಲಲ್ಲ ಮಾವಾ."

ಮುಂದೆ ಮದುವೆಯಲ್ಲಿ ಪಂಕ್ತಿಯ ತುಂಬ ಓಡಾಡಿ ಬುಂದಿ ಬಡಿಸಿದವನು ಅವನೇ. ಇದು ನಾನು ಕೂಡಿಸಿದ ಸಂಬಂಧ ಎಂದು ಬಂದವರಿಗೆಲ್ಲ ಹೇಳಿದ, ಅದೂ ಪುಣೆಗೆ ಕೇಳುವಷ್ಟು ಜೋರಾಗಿ. ಅವನ ಮೇಲೆ ನನಗೆ ಎಂದೂ ಸಿಟ್ಟು ಬರಲಿಲ್ಲ. ಮೆಲ್ಲಗೆ ಸುಳ್ಳು ಹೇಳುವ ಕಲೆ ಅವನಿಗೆ ಗೊತ್ತಿದ್ದರೆ ನಾನಿವತ್ತು ಎಲ್ಲಿರುತ್ತಿದ್ದೆನೋ.

ಇಷ್ಟು ನೆನೆಯುವಷ್ಟರಲ್ಲಿ ವಿಮಾನ ಮೋಡ ಸೇರಿತ್ತು, ನಾನೂ ಪಕ್ಷ ಬದಲಿಸಿದ್ದೆ. "ಮಾತಾಡಾಕ ಬಿಡಬೇಕ್ರಿ. ಪಿಸುಪಿಸು ಅನ್ನೋರಿಗೆ ಮಾತ್ರ ಬ್ಯಾಡ" ಎಂದೆ.

ಯಜಮಾನರು ನನ್ನ ಕಡೆ ವಾಲಿದರು. "ಅವತ್ತ ನಾ ಅಪ್ಪನ ಬಾಜೂಕ ನಿಂತಿದ್ದೆ. ಮುದುಕಿ ದನಿ ಕೇಳಿತು, ಕಂಡಕ್ಟರಂದೂ ಕೇಳಿತು. ನಿಂದ ಒಂದ ಕೇಳಲಿಲ್ಲ. ನೀ ಏನಂದಿದ್ದಿ?"

ನಾನು ಏನೂ ಅಂದಿರಲಿಲ್ಲ. ಅವತ್ತಷ್ಟೇ ಅಲ್ಲ, ಆಮೇಲೂ ಎಂದೂ ಅಂದಿರಲಿಲ್ಲ. ಬಸ್ಸು ಅಂದದ್ದರ ಮೇಲೆಯೇ ಇಷ್ಟು ವರ್ಷ ಸಂಸಾರ ಮಾಡಿಬಿಟ್ಟಿದ್ದೆ.

"ಮನಸ್ಸೈತ್ರಿ" ಎಂದೆ.

"ಏನು?" ಎಂಜಿನ್ ಸದ್ದಿಗೆ ಅವರಿಗೆ ಕೇಳಿಸಲಿಲ್ಲ.

ಉಸಿರು ತುಂಬಿಕೊಂಡೆ. "ನನಗ ಮನಸ್ಸೈತ್ರಿ!"

ಮುಂದಿನ ಸಾಲಿನ ಮೀಸೆಯವರು ಥಟ್ಟನೆ ಹೊರಳಿ, ಫೋನು ಎಲ್ಲಿದೆಯೆಂದು ನನ್ನ ಕೈ ನೋಡಿದರು.